ಪೀಣ್ಯದ ಎರವಲು ಮಕ್ಕಳು

ನಮ್ಮ ಮಹಿಳಾ ಸಂಸ್ಥೆಯ ಕಚೇರಿ ಪೀಣ್ಯದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಬೆಳಗ್ಗೆ ಗಿರಣಿ ಶುರುವಾಯಿತೆಂದರೆ ನಮ್ಮ ಮೇಜು, ಕುರ್ಚಿ, ಗೋಡೆಗೆ ಹಚ್ಚಿದ್ದ 'ಹೆಣ್ಣು ಅಬಲೆಯಲ್ಲ' ಎಂಬ ಪೋಸ್ಟರು ಎಲ್ಲವೂ ಒಂದೇ ತಾಳದಲ್ಲಿ ನಡುಗುತ್ತಿದ್ದವು. ಮಾತಾಡಬೇಕಾದರೆ ಕಿರುಚಬೇಕಿತ್ತು. 'ಆ ಸಂಸ್ಥೆಯ ಹೆಂಗಸರದ್ದು ಬಾಯಿ ಜೋರು' ಎಂದು ಸುತ್ತಲಿನ ಕಾರ್ಖಾನೆಗಳಲ್ಲಿ ನಮಗೆ ಹೆಸರು ಬಂದದ್ದು ಸಿದ್ಧಾಂತದಿಂದಲ್ಲ, ರಾಗಿ ಬೀಸುವ ಯಂತ್ರದಿಂದ. ನ್ಯಾಯ ಕೇಳಿಕೊಂಡು ಮೆಟ್ಟಿಲು ಹತ್ತಿದವರು ಇಳಿದು ಹೋಗುವಾಗ ತಲೆ ನರೆತವರಂತೆ ಕಾಣುತ್ತಿದ್ದರು.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಬಂದು, "ಸುಶೀಲಕ್ಕ, ಫೀಲ್ಡ್ ವರ್ಕ್ ನಿಜವಾಗ್ಲೂ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರ ಹೆಗಲಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ 'ಜಾಗತಿಕ ಅಸಮಾನತೆ', 'ಬಡತನದ ಬೇರುಗಳು'. ಅವೂ ಬೇಕಾದ್ದೇ. ಆದರೆ ಆ ದೊಡ್ಡ ಮಾತುಗಳು ಪೀಣ್ಯದ ಬೀದಿಗೆ ಇಳಿಯುವಾಗ ಎಂಥ ವೇಷ ಹಾಕಿಕೊಂಡು ಬರುತ್ತವೆ ಎನ್ನುವುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾನು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್, ಯೂನಿಯನ್ನಿನಲ್ಲಿ ಮುಂದಾಳು. ಗೇಟಿನ ಮುಂದೆ ನಿಂತು "ದುಡಿಯುವ ಕೈಗೆ ಗೌರವ ಬೇಕು" ಎಂದು ಗುಡುಗಿ, ಮನೆಗೆ ಬಂದು ಕಾಫಿ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದರು. ಅಮ್ಮ ಅದನ್ನು ಎತ್ತುತ್ತಾ, "ಈ ಕೈ ಯಾವ ಯೂನಿಯನ್ನಿಗೆ ಸೇರುತ್ತೆ, ಸ್ವಲ್ಪ ವಿಚಾರಿಸಿ ಹೇಳಿ" ಎನ್ನುತ್ತಿದ್ದಳು. ನನಗೆ ಈ ಕೆಲಸ ಸಿಕ್ಕಿದ ದಿನ ಅಪ್ಪ, "ಗಂಡಸರನ್ನ ಬೈಯೋದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಆಶ್ಚರ್ಯಪಟ್ಟರು. ಅಮ್ಮ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ, "ಇಷ್ಟು ವರ್ಷ ನಾನು ಪುಕ್ಸಟ್ಟೆ ಮಾಡ್ತಿದ್ದೆ ನೋಡಿ" ಎಂದಳು.

ಸಂಸ್ಥೆ ಕಟ್ಟಿದವರು ಮಾಲತಿ ಮೇಡಂ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕೆಲಸ ಬಿಟ್ಟು ಬಂದವರು. ಯಾರಿಗೂ ಹೆದರದ ಹೆಂಗಸು. ಪೊಲೀಸ್ ಠಾಣೆಯಲ್ಲಿ ಕುರ್ಚಿ ಕೊಡದಿದ್ದರೆ ಇನ್ಸ್‌ಪೆಕ್ಟರ ಮೇಜಿನ ಮೇಲೆ ಬ್ಯಾಗಿಟ್ಟು ನಿಂತೇ ಭಾಷಣ ಶುರು ಮಾಡುತ್ತಿದ್ದರು. ಕಷ್ಟವೆಂದರೆ ಅವರ ಕನ್ನಡ ಪುಸ್ತಕದಿಂದ ಎದ್ದು ಬಂದಂತಿರುತ್ತಿತ್ತು. ನಮ್ಮ ಮೊದಲ ಸಭೆಯಲ್ಲಿ ಗಾರ್ಮೆಂಟ್ಸಿನ ಹೆಂಗಸರನ್ನು ಸುತ್ತ ಕೂರಿಸಿಕೊಂಡು, "ನಿಮ್ಮ ಕುಟುಂಬದೊಳಗಿನ ಅಧಿಕಾರ ಸಂಬಂಧ ಹೇಗಿದೆ, ಹೇಳಿ" ಎಂದು ಕೇಳಿದರು. ಹೆಂಗಸರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬಾಕೆ, "ಸಂಬಂಧ ಒಳ್ಳೇದೇ ಬಂದೈತೆ ಮೇಡಂ. ಉಡುಗ ಸ್ವಲ್ಪ ಕುಡೀತಾನೆ ಅಂತಾರೆ, ಅದ್ಕೇ ಇನ್ನೂ ಒಪ್ಪಿಲ್ಲ" ಎಂದಳು. ಉಳಿದವರೆಲ್ಲ ಆ ಹುಡುಗನ ಊರು, ಕೆಲಸ, ಕುಡಿತ ಎಷ್ಟು ಎಂದು ವಿಚಾರಿಸತೊಡಗಿ ಸಭೆ ಬಹಳ ಚೆನ್ನಾಗಿ ನಡೆಯಿತು. ಆ ಸಂಬಂಧ ಬೇಡವೆಂದು ಸರ್ವಾನುಮತದಿಂದ ತೀರ್ಮಾನವೂ ಆಯಿತು.

ಆದರೆ ಎರಡನೇ ಸಭೆಗೆ ಯಾರೂ ಬರಲಿಲ್ಲ. ಸಂಜೆ ಶಿಫ್ಟ್ ಬಿಟ್ಟ ಮೇಲೆ ಹೆಂಗಸರಿಗೆ ಸಭೆಗೆ ಪುರಸತ್ತೆಲ್ಲಿ? ತರಕಾರಿ ಕೊಳ್ಳಬೇಕು, ನೀರು ಹಿಡಿಯಬೇಕು, ಅಡಿಗೆಯಾಗಬೇಕು. ಅದಕ್ಕೆ ನಾನೇ ತರಕಾರಿ ಗಾಡಿಯ ಹತ್ತಿರ ಹೋಗಿ ನಿಂತೆ. ಹುರುಳಿಕಾಯಿ ಆರಿಸುತ್ತಾ ಮಾತಾಡುವುದು. ಲೈನ್ ಸೂಪರ್ವೈಸರ್ ಪಕ್ಕದಲ್ಲೇ ಹಾದುಹೋದರೂ ಅನುಮಾನ ಬರುತ್ತಿರಲಿಲ್ಲ. ಟಾಯ್ಲೆಟ್ಟಿಗೆ ಬಿಡದ ಸೂಪರ್ವೈಸರನ ವಿಷಯ, ಮೈಮೇಲೆ ಬೀಳುವ ಕಟಿಂಗ್ ಮಾಸ್ಟರನ ವಿಷಯ, ಎಲ್ಲ ದೂರುಗಳೂ ಎಳೆ ಬೀನ್ಸಿನ ಮೇಲೆ ಬಗ್ಗಿಕೊಂಡೇ ನನಗೆ ಬಂದವು. ಇದರಿಂದ ಆದ ತೊಂದರೆ ಒಂದೇ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹುರುಳಿಕಾಯಿ ಪಲ್ಯ ಬಿಟ್ಟು ಬೇರೆ ಕಾಣಲಿಲ್ಲ. "ಮಹಿಳೆಯರಿಗೆ ನ್ಯಾಯ ಸಿಗೋದು ಇನ್ನೂ ಎಷ್ಟು ದಿನ?" ಎಂದು ನನ್ನ ಯಜಮಾನರು ತಟ್ಟೆ ನೋಡಿಕೊಂಡು ಕೇಳುತ್ತಿದ್ದರು.

ಈ ತರಕಾರಿ ಗಾಡಿಯ ಹತ್ತಿರವೇ ನನಗೆ ರತ್ನ ಸಿಕ್ಕಿದ್ದು. ಪಾವಗಡದ ಕಡೆಯವಳು, ದೊಡ್ಡ ಗಾರ್ಮೆಂಟ್ಸೊಂದರ ಕಾಲರ್ ಲೈನಿನಲ್ಲಿ, ಅಂದರೆ ಷರಟಿನ ಕಾಲರ್ ಹೊಲಿಯುವ ಮೆಷಿನ್ನುಗಳ ಸಾಲಿನಲ್ಲಿ, ಕೆಲಸಕ್ಕಿದ್ದಳು. ಗಂಡ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸೊಂಟದ ಮೇಲೆ ಮಗಳು ಚಿನ್ನು, ಮಾತು ಕಲಿತು ಇನ್ನೂ ನಿಲ್ಲಿಸಿರದ ವಯಸ್ಸು. ನನ್ನನ್ನು ಯಾವಾಗಲೂ ಅದೇ ಗಾಡಿಯ ಮುಂದೆ ನೋಡಿ 'ಬೀನ್ಸ್ ಆಂಟಿ' ಎಂದು ಹೆಸರಿಟ್ಟಿದ್ದಳು. ಬೆಳಗ್ಗೆ ಚಿನ್ನುವನ್ನು ಓಣಿಯ ಅಂಗನವಾಡಿಗೆ ಬಿಟ್ಟು ರತ್ನ ಕೆಲಸಕ್ಕೆ ಓಡುವುದು, ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಕರೆತಂದು ನೋಡಿಕೊಳ್ಳುವುದು. ಅಜ್ಜಿ ಪ್ರಾಮಾಣಿಕಳೇ, ಆದರೆ ಊಟವಾದ ಮೇಲೆ ಅವಳ ಪ್ರಾಮಾಣಿಕತೆಗೆ ಜೊಂಪು ಹತ್ತುತ್ತಿತ್ತು.

ಒಂದು ದಿನ ಅಜ್ಜಿ ತೂಕಡಿಸುತ್ತಿದ್ದಾಗ ಚಿನ್ನು ಬೀದಿಗೆ ಹೋಗಿ, ಬಟ್ಟೆ ಚಿಂದಿ ತುಂಬಿದ ಗೂಡ್ಸ್ ಆಟೋ ಹತ್ತಿ ಮೂಟೆಗಳ ಮಧ್ಯೆ ಮಲಗಿಬಿಟ್ಟಳು. ಆಟೋ ನೆಲಮಂಗಲದವರೆಗೂ ಹೋಯಿತು. ಇತ್ತ ರತ್ನ ಕೆಲಸದಿಂದ ಓಡಿ ಬಂದು ಬಾವಿ, ಚರಂಡಿ, ಬಸ್ ಸ್ಟಾಪು ಎಲ್ಲ ಹುಡುಕಿದಳು. ನಾವೂ ಹುಡುಕಿದೆವು. ಕತ್ತಲಾಗುವ ಮುಂಚೆ ಆ ಡ್ರೈವರೇ ಮಗುವನ್ನು ಎತ್ತಿಕೊಂಡು ಬಂದ. ಅವನ ಮುಖ ಮಗುವಿಗಿಂತ ಬಿಳಿಚಿಕೊಂಡಿತ್ತು. "ಚಿಂದಿ ಮೂಟೆ 'ಅಮ್ಮಾ' ಅಂತು ಅಕ್ಕಾ! ಗಾಡಿ ಅಲ್ಲೇ ಬಿಟ್ಟು ಓಡೋಗ್ಬಿಟ್ಟಿದ್ದೆ" ಎಂದ. ಓಣಿಯವರೆಲ್ಲ ಗೊಳ್ಳೆಂದು ನಕ್ಕರು. ರತ್ನಳೂ ನಕ್ಕಳು, ನಗುತ್ತಲೇ ಹೊಸಿಲ ಮೇಲೆ ಕುಸಿದು ಕೂತು ಅಳತೊಡಗಿದಳು.

"ಸಾಕು ಅಕ್ಕಾ, ಕೆಲ್ಸ ಬಿಟ್ಬಿಡ್ತೀನಿ. ಒಂದೊತ್ತು ಉಂಡ್ರೂ ಪರವಾಗಿಲ್ಲ, ಮಗ ಕಣ್ ಮುಂದೆ ಇರ್ತದೆ."

ರತ್ನಳ ಕಾರ್ಖಾನೆಯಲ್ಲಿ ಮಕ್ಕಳಿಗೊಂದು ಕೋಣೆ ಇರಲೇಬೇಕೆಂದು ಕಾನೂನು ಹೇಳುತ್ತಿತ್ತು. ಕೋಣೆ ಇತ್ತು ಕೂಡ. ಬಾಗಿಲ ಮೇಲೆ 'ಶಿಶುಪಾಲನಾ ಕೇಂದ್ರ' ಎಂಬ ಬೋರ್ಡು, ಬೋರ್ಡಿನಲ್ಲಿ ನಗುವ ಆನೆ. ಬಾಗಿಲಿಗೆ ಬೀಗ, ಒಳಗೆ ನೂಲಿನ ಡಬ್ಬಗಳು. ಅಲ್ಲಿಯ ಎಚ್‌ಆರ್ ಮ್ಯಾನೇಜರ್ ಹೆಸರು ಪ್ರಸನ್ನ. ಹೆಸರಿಗೆ ತಕ್ಕ ಮುಖ. ನಾವು ಎಷ್ಟು ಸಲ ಹೋದರೂ ಕಾಫಿ ತರಿಸಿ, "ಪ್ರೋಸೆಸ್‌ನಲ್ಲಿದೆ ಮೇಡಂ" ಎನ್ನುತ್ತಿದ್ದರು. ಬೈಯುವವರ ಜೊತೆ ಜಗಳವಾಡಬಹುದು; ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳುವವರ ಜೊತೆ ಆಡುವುದು ಕಷ್ಟ ಎಂದು ನಾನು ಕಲಿತದ್ದು ಅವರಿಂದಲೇ.

ಅಷ್ಟರಲ್ಲಿ ಬಯರ್ ಬರುವ ಸುದ್ದಿ ಬಂತು. ಬಯರ್ ಎಂದರೆ ಆ ಷರಟುಗಳನ್ನು ಕೊಳ್ಳುವ ವಿದೇಶಿ ಕಂಪನಿಯವರು. ಅವರ ಕಡೆಯಿಂದ ಹೆಲೆನ್ ಎಂಬ ಹೆಂಗಸು ಕಾರ್ಖಾನೆ ನೋಡಲು ಬರುವವಳಿದ್ದಳು. ಸ್ಥಳೀಯ ಮಹಿಳಾ ಸಂಸ್ಥೆಯವರೂ ಜೊತೆಗಿರಬೇಕು ಎಂದು ಅವಳೇ ಹೇಳಿದ್ದರಿಂದ ಮಾಲತಿ ಮೇಡಂಗೂ ನನಗೂ ಕರೆ ಬಂತು. ರತ್ನಳಿಗೆ ನಾನು, "ಆ ದಿನದವರೆಗೆ ತಡೆದುಕೋ, ಆಮೇಲೆ ಕೆಲಸ ಬಿಡುವಿಯಂತೆ" ಎಂದೆ.

ಆ ದಿನ ನಾವು ಹೋದಾಗ ಕಾರ್ಖಾನೆ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಎಂದೂ ತಿರುಗದ ಫ್ಯಾನುಗಳು ತಿರುಗುತ್ತಿದ್ದವು. ಟಾಯ್ಲೆಟ್ಟಿನಲ್ಲಿ ಸೋಪಿತ್ತು, ಹೆಂಗಸರು ಅದನ್ನು ಒಬ್ಬರಾದ ಮೇಲೆ ಒಬ್ಬರು ಹೋಗಿ ನೋಡಿಕೊಂಡು ಬರುತ್ತಿದ್ದರು. ಕೊನೆಗೆ ಪ್ರಸನ್ನ ನಮ್ಮನ್ನು ಮಕ್ಕಳ ಕೋಣೆಗೆ ಕರೆದೊಯ್ದರು. ಬಾಗಿಲು ತೆರೆದರೆ ನಾನು ಬೆರಗಾಗಿ ನಿಂತೆ. ನೂಲಿನ ಡಬ್ಬವಿಲ್ಲ. ಬಣ್ಣದ ಚಾಪೆ, ಗೊಂಬೆ, ಕೆಂಪು ಟ್ರೈಸಿಕಲ್ಲು, ಕೋಣೆಯ ತುಂಬ ಮಕ್ಕಳು. ಎಲ್ಲರ ತಲೆಯ ಮೇಲೂ ಒಂದೇ ಥರದ ಹೊಸ ಟೋಪಿ. ಇಷ್ಟು ಮಕ್ಕಳು ಎಲ್ಲಿಂದ ಬಂದರು ಎಂದು ನಾನು ಯೋಚಿಸುತ್ತಿರುವಾಗಲೇ ಟ್ರೈಸಿಕಲ್ಲಿನ ಮೇಲಿಂದ ಒಂದು ದನಿ ಕೂಗಿತು.

"ಬೀನ್ಸ್ ಆಂಟೀ!"

ಚಿನ್ನು! ನಾನು ಅವಳ ಪಕ್ಕ ಕೂತು, "ನೀನು ಇಲ್ಲಿಗೆ ಹೇಗೆ ಬಂದೆಯೇ?" ಎಂದು ಮೆಲ್ಲಗೆ ಕೇಳಿದೆ. "ಟೂರು! ವ್ಯಾನಲ್ಲಿ ಬಂದ್ವಿ. ಟೀಚರ್ರು ಗಲಾಟೆ ಮಾಡ್ಬೇಡಿ ಅಂದ್ರು" ಎಂದಳು. ಆಗ ಅರ್ಥವಾಯಿತು. ಪ್ರಸನ್ನ ಓಣಿಯ ಅಂಗನವಾಡಿಯಿಂದ ಮಕ್ಕಳನ್ನು ಒಂದು ಬೆಳಗಿನ ಮಟ್ಟಿಗೆ ಎರವಲು ತಂದಿದ್ದರು.

ಹೆಲೆನ್ ಚಿನ್ನುವಿನ ಕೆನ್ನೆ ಸವರಿ, ಈ ಮಗುವಿನ ತಾಯಿ ಇಲ್ಲೇ ಕೆಲಸ ಮಾಡುತ್ತಾಳೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಹೌದು ಹೌದು" ಎಂದರು ಪ್ರಸನ್ನ. ಪಾಪ, ಅವರು ಹೇಳಿದ್ದು ಸುಳ್ಳೆಂದು ಅವರಿಗೆ ಖಾತ್ರಿಯಿತ್ತು. ಹಾಗಾದರೆ ಆ ತಾಯಿಯನ್ನು ನೋಡಬಹುದೇ ಎಂದಳು ಹೆಲೆನ್. ಪ್ರಸನ್ನರ ಮುಖದಿಂದ ಮೊದಲ ಸಲ ಪ್ರಸನ್ನತೆ ಅಳಿಸಿಹೋಯಿತು. ತಾಯಿ ಇವತ್ತು ರಜೆ ಎಂದು ಅವರು ತಡವರಿಸುವಷ್ಟರಲ್ಲಿ ನಾನು ಎದ್ದು, "ರಜೆ ಇಲ್ಲ ಸಾರ್, ಕಾಲರ್ ಲೈನಿನಲ್ಲಿದ್ದಾಳೆ. ಕರೆದುಕೊಂಡು ಬರುತ್ತೇನೆ" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸತ್ತವರು ಎದ್ದು ಕೂತು ಕಾಫಿ ಕೇಳಿದಾಗ ನೋಡುವ ನೋಟ.

ಕಾಲರ್ ಲೈನಿಗೆ ಹೋಗಿ, "ರತ್ನ, ನಿನ್ನ ಮಗಳು ಇಲ್ಲಿದ್ದಾಳೆ, ಬಾ" ಎಂದೆ. ಇನ್ನೊಂದೆರಡು ಮಾತು ಸೇರಿಸಿ ಹೇಳಬೇಕಿತ್ತು. "ಅಯ್ಯೋ ನನ್ ಮಗೀಗೆ ಏನಾಯ್ತೋ!" ಎಂದು ಕಿರುಚಿ, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿದಳು. ಅವಳ ಹಿಂದೆ ಕಾಲರ್ ಲೈನು, ಅದರ ಹಿಂದೆ ತೋಳಿನ ಲೈನು. ರತ್ನ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು. ಚಿನ್ನು ಟ್ರೈಸಿಕಲ್ಲಿನ ಗಂಟೆ ಬಾರಿಸಿ ಅವಳನ್ನು ಆಶ್ಚರ್ಯದಿಂದ ನೋಡಿದಳು.

"ಅಮ್ಮಾ, ನೀನೂ ಟೂರ್ ಬಂದಿದ್ದೀಯಾ?"

ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಮಗು ಏನೆಂದಿತು ಎಂದು ಹೆಲೆನ್ ಮಾಲತಿ ಮೇಡಂರನ್ನು ಕೇಳಿದಳು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಮೇಡಂ ನನ್ನ ಕಡೆ ತಿರುಗಿ, "ನಿಜ ಹೇಳಿಬಿಡಲಾ ಸುಶೀಲಾ?" ಎಂದು ಪಿಸುಗುಟ್ಟಿದರು. ಇಬ್ಬರ ತಲೆಯಲ್ಲೂ ಒಂದೇ ಸಂಗತಿ ಓಡುತ್ತಿತ್ತು. ಹಿಂದೊಮ್ಮೆ ಪಕ್ಕದ ರಸ್ತೆಯ ಕಾರ್ಖಾನೆಯೊಂದರಲ್ಲಿ ಇಂಥದೇ ಸುಳ್ಳು ಸಿಕ್ಕಿಬಿದ್ದು, ಬಯರ್ ಆರ್ಡರನ್ನೇ ಬೇರೆ ದೇಶಕ್ಕೆ ಕೊಂಡೊಯ್ದಿದ್ದರು. ಸುಳ್ಳು ಹೇಳಿದ ಮ್ಯಾನೇಜರಿಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಹೊಲಿಯುತ್ತಿದ್ದ ಹೆಂಗಸರಿಗೆ ಸಿಗಲಿಲ್ಲ. ಹೊಸ ಹುಡುಗಿಯರೇ, ಜಾಗತಿಕ ಅಸಮಾನತೆ ಎಂದರೇನು ಎಂದು ನನ್ನನ್ನು ಕೇಳಿದರೆ ನಾನು ಹೇಳುವುದು ಇದನ್ನೇ. ತಪ್ಪು ಮೇಲಿನವರದ್ದು, ಶಿಕ್ಷೆ ಜಾರಿಕೊಂಡು ಜಾರಿಕೊಂಡು ಬಂದು ತಳದಲ್ಲಿ ಕೂತವಳ ಮಡಿಲಿಗೇ ಬೀಳುತ್ತದೆ.

ನಾವಿಬ್ಬರೂ ಹೀಗೆ ನಿಂತಿದ್ದಾಗ ರತ್ನ ಮಗಳನ್ನು ಎತ್ತಿಕೊಂಡು ಹೆಲೆನ್‌ಳ ಮುಂದೆಯೇ ಬಂದಳು. "ಮೇಡಂ, ಇವ್ಳನ್ನ ನಾಳಿಕ್ಕೂ ಇಲ್ಲಿಗೇ ಕರ್ಕೊಂಡ್ ಬರ್ಬೋದಾ ಅಂತ ಈ ಫಾರಿನ್ನಮ್ಮನ್ನ ಕೇಳಿ. ನಾಡಿದ್ದೂ. ದಿನಾ."

ಮಾಲತಿ ಮೇಡಂ ಒಂದಕ್ಷರ ಕೂಡಿಸದೆ ಕಳೆಯದೆ ಅನುವಾದಿಸಿದರು. ಹೆಲೆನ್ ಪ್ರಸನ್ನರ ಕಡೆ ನೋಡಿದಳು. ಎರಡು ಲೈನಿನ ಹೆಂಗಸರೂ ನೋಡಿದರು. ಪ್ರಸನ್ನ ಹಣೆ ಒರೆಸಿಕೊಂಡು, "ಖಂಡಿತ. ದಿನಾ ಬರಬಹುದು" ಎಂದರು. ಹಾಗಾದರೆ ತಿಂಗಳಿಗೊಮ್ಮೆ ಈ ಕೋಣೆಯಲ್ಲಿ ಚಿನ್ನು ಆಡುತ್ತಿರುವ ಫೋಟೋ ತನಗೆ ಕಳಿಸಬೇಕೆಂದು ಹೆಲೆನ್ ನಗುತ್ತಾ ಹೇಳಿದಳು. ಈ ಮಗು ಅವಳಿಗೆ ಬಹಳ ಇಷ್ಟವಾಯಿತಂತೆ.

ಮರುದಿನ ಬೆಳಗ್ಗೆ ರತ್ನ ಚಿನ್ನುವಿನ ಜೊತೆ ಗೇಟಿಗೆ ಹೋದಳು. ಅವಳೊಬ್ಬಳೇ ಅಲ್ಲ, ತೊಟ್ಟಿಲಿನಿಂದ ಆಗಷ್ಟೇ ಇಳಿದ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಕಾರ್ಖಾನೆಯ ಬೇರೆ ತಾಯಂದಿರೂ ಬಂದಿದ್ದರು. ಸೆಕ್ಯುರಿಟಿಯವನು, "ಅದು ನಿನ್ನೆಗೆ ಮಾತ್ರ ಕಣಕ್ಕಾ" ಎಂದು ಗೇಟು ಎಳೆದ. "ನಿಮ್ ಸಾರು ದಿನಾ ಅಂದವ್ರೆ. ಬೇಕಾರೆ ಫಾರಿನ್‌ಗೆ ಫೋನ್ ಮಾಡಿ ಕೇಳು" ಎಂದಳು ರತ್ನ. ಗೇಟಿನಲ್ಲಿ ಮಕ್ಕಳ ಅಳು ಶುರುವಾಯಿತು. ಇತ್ತ ಅಂಗನವಾಡಿಯ ಟೀಚರೂ ಓಡಿ ಬಂದರು; ಅವರ ಮಕ್ಕಳು ಉಪ್ಪಿಟ್ಟು ಮುಟ್ಟದೆ ಟ್ರೈಸಿಕಲ್ಲೇ ಬೇಕೆಂದು ಹಟ ಹಿಡಿದಿದ್ದವಂತೆ. "ಇದಕ್ಕೆ ಒಪ್ಪಿದ್ದೇ ತಪ್ಪಾಯ್ತು ಸಾರ್, ನೀವೇ ಬಂದು ಸಮಾಧಾನ ಮಾಡಿ" ಎಂದು ಪ್ರಸನ್ನರನ್ನು ಹಿಡಿದುಕೊಂಡರು. ಒಳಗೆ ಮೆಷಿನ್ನುಗಳು ಖಾಲಿ, ಶಿಪ್‌ಮೆಂಟ್ ತಲೆಯ ಮೇಲೆ. ಪ್ರೊಡಕ್ಷನ್ ಮ್ಯಾನೇಜರ್ ಮಹಡಿಯಿಂದಲೇ ಕೂಗಿದರು: "ಪ್ರಸನ್ನ, ಬಾಗ್ಲು ತೆಗೀರಿ ಮಾರಾಯ್ರೆ! ಲೈನ್ ನಿಂತೋಗಿದೆ!"

ಬಾಗಿಲು ತೆಗೆದರು. ಆದರೆ ಆಯಾ ಇಲ್ಲ. ಮಧ್ಯಾಹ್ನದವರೆಗೆ ಮಕ್ಕಳನ್ನು ನೋಡಿಕೊಂಡವರು ಸ್ವತಃ ಎಚ್‌ಆರ್ ಮ್ಯಾನೇಜರ್. ನಾನು ಹೋಗಿ ನೋಡಿದಾಗ ಅವರು ಚಾಪೆಯ ಮೇಲೆ ಕೂತಿದ್ದರು. ಟೈ ಒಂದು ಮಗುವಿನ ಬಾಯಲ್ಲಿತ್ತು, ಪ್ಯಾಂಟು ತೊಡೆಯವರೆಗೂ ಒದ್ದೆ. "ಮೇಡಂ, ಇದು ನಿಲ್ಲೋದು ಯಾವಾಗ?" ಎಂದರು. ಯಾವ ಮಗುವಿನ ಬಗ್ಗೆ ಕೇಳಿದರೆಂದು ನನಗೆ ತಿಳಿಯಲಿಲ್ಲ. "ಪ್ರೋಸೆಸ್‌ನಲ್ಲಿದೆ ಸಾರ್" ಎಂದೆ. ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಆಯಾ ನೇಮಕವಾಯಿತು. ಅಷ್ಟು ಚುರುಕಾದ ನೇಮಕಾತಿಯನ್ನು ನಾನು ಪೀಣ್ಯದಲ್ಲಿ ಮತ್ತೆ ಕಾಣಲಿಲ್ಲ.

ಅಲ್ಲಿಂದ ಮುಂದೆ ಚಿನ್ನುವಿಗೆ ನೆಗಡಿಯಾದರೂ ಪ್ರಸನ್ನರಿಗೆ ಗಾಬರಿ. ಹಬ್ಬಕ್ಕೆಂದು ರತ್ನ ಊರಿಗೆ ಹೋಗಿ ಬರುವುದು ತಡವಾದಾಗ ನಮ್ಮ ಗಿರಣಿಯ ಮೆಟ್ಟಿಲು ಹತ್ತಿ ಬಂದು, ಹಿಟ್ಟಿನ ಧೂಳಿನಲ್ಲಿ ಸೀನುತ್ತಾ, "ಮಗು ಯಾವಾಗ ಬರುತ್ತೆ ಮೇಡಂ? ಫೋಟೋ ಕಳಿಸ್ಬೇಕು" ಎಂದು ಕೂತರು. ರತ್ನಳಂತೂ ಕೆಲಸ ಬಿಡುವ ಮಾತೇ ಎತ್ತಲಿಲ್ಲ. ಆಮೇಲೆ ಕಾಲರ್ ಲೈನಿಗೆ ಅವಳೇ ಸೂಪರ್ವೈಸರ್ ಆದಳು.

ಮಾಲತಿ ಮೇಡಂಗೆ ಮಾತ್ರ ಒಳಗೊಳಗೇ ಕೊರೆತ. ಕೋಣೆ ಗಟ್ಟಿಯಾಗಿ ನಡೆಯತೊಡಗಿದ ಮೇಲೆ ಒಂದು ದಿನ ಹೆಲೆನ್‌ಗೆ ಫೋನು ಮಾಡಿ, ಆ ದಿನದ ಮಕ್ಕಳು ಎರವಲು ತಂದವರು ಎಂದು ಹೇಳಿಬಿಟ್ಟರು. ಆ ಕಡೆಯಿಂದ ನಗು ಕೇಳಿಸಿತು. ಟ್ರೈಸಿಕಲ್ಲಿನ ಸೀಟಿಗೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಕವರ್ ಇದ್ದದ್ದನ್ನು ಅವಳು ಬಾಗಿಲಲ್ಲೇ ನೋಡಿದ್ದಳಂತೆ. ಫೋಟೋ ಕೇಳಿದ್ದು ಅದಕ್ಕೇ. ಮೇಡಂ ಫೋನಿಟ್ಟು, "ನಾವೇ ಬುದ್ಧಿವಂತರು ಅಂದುಕೊಂಡಿದ್ದೆವಲ್ಲೇ!" ಎಂದರು.

ಕಾಲ ಬದಲಾಯಿತು. ತರಕಾರಿ ಗಾಡಿಯ ಜಾಗಕ್ಕೆ ವಾಟ್ಸಾಪ್ ಗುಂಪು ಬಂತು. ನಮ್ಮ ಮನೆಯಲ್ಲಿ ಬದನೆಕಾಯಿ ಕಾಣಿಸಿತು. ಪ್ರಸನ್ನ ಪೀಣ್ಯ ಬಿಟ್ಟು ವೈಟ್‌ಫೀಲ್ಡ್ ಕಡೆಯ ಐಟಿ ಕಂಪನಿಗೆ ಸೇರಿದರು. ನನ್ನ ನಿವೃತ್ತಿ ಹತ್ತಿರವಾಗಿದ್ದಾಗ ಅವರ ಫೋನು ಬಂತು. ಅಲ್ಲಿಯೂ ಮಕ್ಕಳ ಕೋಣೆ ಇಲ್ಲ, ಮ್ಯಾನೇಜ್‌ಮೆಂಟ್ ಒಪ್ಪುತ್ತಿಲ್ಲ. ದನಿ ತಗ್ಗಿಸಿ ಹೇಳಿದರು: "ಮೇಡಂ, ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ. ನಮ್ಮ ಗೇಟ್ ಮುಂದೆ ಸ್ವಲ್ಪ ಗಲಾಟೆ ಮಾಡಿಸ್ತೀರಾ?"

ತನ್ನ ವಿರುದ್ಧವೇ ಚಳವಳಿ ಮಾಡಿಸಿಕೊಡಿ ಎಂದು ಕೇಳಿದ ಎಚ್‌ಆರ್ ಅವರೊಬ್ಬರೇ. ಆದರೆ ಇಂಜಿನಿಯರ್ ತಾಯಂದಿರನ್ನು ಗೇಟಿಗೆ ತರುವುದು ಗಾರ್ಮೆಂಟ್ಸಿನವರನ್ನು ತಂದಷ್ಟು ಸುಲಭವಲ್ಲ. ಪ್ರತಿಭಟನೆಗೆ ಕ್ಯಾಲೆಂಡರಿನಲ್ಲಿ ಸಮಯ ಕಾದಿರಿಸಿದರು. ಇಬ್ಬರು ಆನ್‌ಲೈನಿನಲ್ಲಿ ಸೇರಬಹುದೇ ಎಂದು ಕೇಳಿದರು. ಕೊನೆಗೆ ಮಕ್ಕಳ ಜೊತೆ ಬಂದರು, ಅರ್ಧ ಬೆಳಗು ಮೀಟಿಂಗುಗಳೆಲ್ಲ ಅಳುವಿನಲ್ಲಿ ಮುಳುಗಿದವು, ಕಂಪನಿ ಒಪ್ಪಿತು.

ಒಪ್ಪಿಗೆಯ ಸಭೆಯಲ್ಲಿ ನಾನು, ಪಕ್ಕದ ಪಟ್ಟಂದೂರು ಅಗ್ರಹಾರದಿಂದ ಕಂಪನಿಯ ನೆಲ ಒರೆಸಲು ಬರುವ ಹೆಂಗಸರ ಮಕ್ಕಳ ವಿಷಯ ಎತ್ತಿದೆ. "ಅವರು ಕಾಂಟ್ರಾಕ್ಟು ಮೇಡಂ, ನಮ್ಮ ಸ್ಟಾಫ್ ಅಲ್ಲ" ಎಂದರು ಪ್ರಸನ್ನ, ತಲೆ ತಗ್ಗಿಸಿ. ಆಗ ದಿವ್ಯ ಎಂಬ ಇಂಜಿನಿಯರ್ ಹುಡುಗಿ ಕೇಳಿದಳು: "ನಮ್ಮ ಮಕ್ಕಳನ್ನ ನೋಡ್ಕೊಳ್ಳೋಕೆ ಆಯಾ ತಗೋತೀರಲ್ಲ ಸಾರ್, ಅವರೂ ಕಾಂಟ್ರಾಕ್ಟೇ ತಾನೆ? ನನ್ನ ಮಗ ಅವರ ಹತ್ತಿರ ಇದ್ದಾಗ ಅವರ ಮಗು ಯಾರ ಹತ್ತಿರ ಇರುತ್ತೆ?"

ಇನ್ನೂ ಕೆಲವು ವಾರ ಜಗ್ಗಾಡಿದ ಮೇಲೆ ಕೋಣೆಯ ಬಾಗಿಲು ಎಲ್ಲರ ಮಕ್ಕಳಿಗೂ ತೆರೆಯಿತು.

ತೆರೆದ ಮೊದಲ ದಿನವೇ ದೂರು ಬಂತು. ಆಯಾಳ ಮಗಳು ದಿವ್ಯಳ ಮಗನ ಕೈ ಕಚ್ಚಿದ್ದಾಳೆ, ಕೂಡಲೇ ಬನ್ನಿ ಎಂದು. ವೃತ್ತಿಜೀವನದ ಕಡೆಯ ಕೇಸು ಎಂದುಕೊಂಡು ನಾನು ಟ್ರಾಫಿಕ್ಕಿನಲ್ಲಿ ಬೆವೆತುಕೊಂಡು ಹೋದೆ. ಹೊರಗೆ ಆಯಾ, "ತಪ್ಪಾಯ್ತು ಮೇಡಂ" ಎಂದು ಅಳುತ್ತಿದ್ದಳು. ದಿವ್ಯ, "ಅಯ್ಯೋ ಬಿಡಿ ಅಕ್ಕ" ಎಂದು ತಾನೂ ಅಳುತ್ತಿದ್ದಳು. ಒಳಗೆ ಇಣುಕಿದೆ. ಹುಡುಗ ಆಗಲೇ ಹುಡುಗಿಯ ಕೈ ತಿರುಗಿ ಕಚ್ಚಿ ನ್ಯಾಯ ತೀರಿಸಿಕೊಂಡಿದ್ದ. ಈಗ ಇಬ್ಬರೂ ಒಂದೇ ತಟ್ಟೆಯ ಎದುರು ಕೂತು ಕಲ್ಲಂಗಡಿ ತಿನ್ನುತ್ತಿದ್ದರು. ಬೀಜ ಬಂದರೆ ಅವಳು ಉಗಿಯುತ್ತಿದ್ದಳು. ಹೇಗೆ ಉಗಿಯುವುದೆಂದು ಅವನು ಬಹಳ ಶ್ರದ್ಧೆಯಿಂದ ಕಲಿಯುತ್ತಿದ್ದ.